ಮಾಕ್ ಟೆಸ್ಟ್‌ನ ತಪ್ಪುಗಳನ್ನು ಬರೆದಿಡುವುದು: ನನ್ನ ಲಾಂಗ್ ಟರ್ಮ್ ವರ್ಷದ ಅನುಭವ

ಕಾಪು ಲೈಟ್‌ಹೌಸ್

ಪಿಯು ಮುಗಿಸಿ ಮಂಗಳೂರಿನಲ್ಲಿ ಒಂದು ವರ್ಷ ನೀಟ್ ಲಾಂಗ್ ಟರ್ಮ್ (ಮೆಡಿಕಲ್ ಪ್ರವೇಶ ಪರೀಕ್ಷೆಗೆ ಇಡೀ ವರ್ಷದ ಕೋಚಿಂಗ್) ಮಾಡಿದವಳು ನಾನು. ಈಗ ಎಂಬಿಬಿಎಸ್ ಮೊದಲ ವರ್ಷ. ಮಳೆ ಶುರುವಾದರೆ ಹೊಸ ಬ್ಯಾಚಿನ ಮಕ್ಕಳ ಮೆಸೇಜ್ ಕೂಡ ಶುರು: "ಅಕ್ಕಾ, ಯಾವ ಬುಕ್ ಓದಿದ್ರಿ?" ಎಲ್ಲರೂ ಓದುವ ಎನ್‌ಸಿಇಆರ್‌ಟಿ ಪಠ್ಯಪುಸ್ತಕವನ್ನೇ ನಾನೂ ಓದಿದ್ದು. ಆದರೆ ನನಗೆ ಜಾಸ್ತಿ ಉಪಕಾರ ಮಾಡಿದ್ದು 200 ಪುಟದ ಒಂದು ರೂಲ್ಡ್ ನೋಟ್‌ಬುಕ್. ಮಾಕ್ ಟೆಸ್ಟ್‌ನಲ್ಲಿ ಮಾಡಿದ ತಪ್ಪುಗಳನ್ನೆಲ್ಲ ಅದರಲ್ಲಿ ಬರೆಯುತ್ತಿದ್ದೆ. ಹೇಗೆ ಬರೆದೆ ಅಂತ ಹೇಳುತ್ತೇನೆ. ಉದ್ದ ಆಗಬಹುದು.

ಜುಲೈ ತಿಂಗಳ ಗ್ರ್ಯಾಂಡ್ ಟೆಸ್ಟ್. 172 ಪ್ರಶ್ನೆಗೆ ಉತ್ತರ ಹಾಕಿದ್ದೆ. 118 ಸರಿ, 54 ತಪ್ಪು. ಸರಿಗೆ ನಾಲ್ಕು, ತಪ್ಪಿಗೆ ಮೈನಸ್ ಒಂದು. 472ರಲ್ಲಿ 54 ಕಳೆದು 418. ಅಲ್ಲಿಯವರೆಗೆ ನನ್ನ ಪದ್ಧತಿ ಎಲ್ಲರದ್ದೇ ಆಗಿತ್ತು. ಕೀ ಆನ್ಸರ್ ನೋಡುವುದು, ಸೊಲ್ಯೂಷನ್ ಓದುವುದು, "ಓ, ಇಷ್ಟೇನಾ" ಅಂದುಕೊಳ್ಳುವುದು, ಪೇಪರ್ ಮಡಚಿಡುವುದು. ಆ ದಿನ ಮನೆಗೆ ಬಂದು ಹಳೆಯ ಎರಡು ಪೇಪರನ್ನೂ ತೆಗೆದು ಚಾವಡಿಯಲ್ಲಿ ಹರಡಿದೆ. ಮೂರರಲ್ಲೂ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಸಾಧನ) ಪ್ರಶ್ನೆ ತಪ್ಪಾಗಿತ್ತು. ಮೂರೂ ಸಲ ಒಂದೇ ತಪ್ಪು. ಕೆಪಾಸಿಟರ್ ಒಳಗೆ ಡೈಎಲೆಕ್ಟ್ರಿಕ್ (ವಿದ್ಯುತ್ ಹರಿಯದ ವಸ್ತು) ಹಾಕಿದರೆ ಶಕ್ತಿ ಎಷ್ಟಾಗುತ್ತದೆ ಅಂತ ಕೇಳಿದ್ದರು. ಬ್ಯಾಟರಿ ತೆಗೆದ ಮೇಲೆ ಹಾಕಿದರೆ ಚಾರ್ಜ್ ಬದಲಾಗುವುದಿಲ್ಲ, ಶಕ್ತಿ ಕಡಿಮೆಯಾಗುತ್ತದೆ. ಬ್ಯಾಟರಿ ಇದ್ದಾಗಲೇ ಹಾಕಿದರೆ ವೋಲ್ಟೇಜ್ ಬದಲಾಗುವುದಿಲ್ಲ, ಶಕ್ತಿ ಹೆಚ್ಚುತ್ತದೆ. ನನಗೆ ಎರಡೂ ಗೊತ್ತಿತ್ತು. ಬ್ಯಾಟರಿ ಉಂಟಾ ಇಲ್ಲವಾ ಅಂತ ನೋಡದೆಯೇ ಲೆಕ್ಕಕ್ಕೆ ಕೂತಿದ್ದೆ. ಮೂರು ಟೆಸ್ಟ್, ಮೂರು ಸಲ "ಇಷ್ಟೇನಾ".

ನೋಟ್‌ಬುಕ್ ಶುರು ಮಾಡಿದ್ದು ಆ ರಾತ್ರಿಯೇ. ಒಂದು ವಿಷಯ ಮಾತ್ರ ಗಟ್ಟಿ ಮಾಡಿಕೊಂಡೆ: "ಸಿಲ್ಲಿ ಮಿಸ್ಟೇಕ್" ಅಂತ ಎಲ್ಲಿಯೂ ಬರೆಯಬಾರದು. ಆ ಎರಡು ಪದ ಬರೆದರೆ ಆ ತಪ್ಪಿನ ಬಗ್ಗೆ ಮತ್ತೆ ಯೋಚನೆ ಮಾಡುವುದೇ ಇಲ್ಲ. ಅದರ ಬದಲು, ತಪ್ಪು ಆಯ್ಕೆಗೆ ಗುರುತು ಹಾಕುವಾಗ ನನ್ನ ತಲೆಯಲ್ಲಿ ಏನು ಓಡುತ್ತಿತ್ತೋ ಅದನ್ನು ಒಂದು ವಾಕ್ಯದಲ್ಲಿ ಬರೆಯಬೇಕು.

ಒಂದು ಉದಾಹರಣೆ. 15 ಮೀಟರ್ ಎತ್ತರದ ಕಟ್ಟಡದ ಮೇಲಿಂದ ಕಲ್ಲನ್ನು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದರೆ ನೆಲಕ್ಕೆ ಎಷ್ಟು ಹೊತ್ತಿಗೆ ಬೀಳುತ್ತದೆ? ಗುರುತ್ವ 10 ಅಂತ ಹಿಡಿದರೆ ಉತ್ತರ 3 ಸೆಕೆಂಡ್. ನಾನು ಹಾಕಿದ್ದು 1 ಸೆಕೆಂಡ್. ಮೊದಲಾಗಿದ್ದರೆ "ಸೈನ್ ಮಿಸ್ಟೇಕ್" ಅಂತ ಬಿಡುತ್ತಿದ್ದೆ. ಈ ಸಲ ಕೂತು ನೋಡಿದೆ. ಕಟ್ಟಡ ಅಂದ ತಕ್ಷಣ "ಕೆಳಗೆ ಬೀಳುವುದು" ಅಂತ ಮನಸ್ಸಿಗೆ ಬಂದು, ಎಲ್ಲವನ್ನೂ ಪ್ಲಸ್ ತೆಗೆದುಕೊಂಡಿದ್ದೆ. ಅಂದರೆ ಕಲ್ಲನ್ನು ಕೆಳಕ್ಕೆ ಎಸೆದರೆ ಬರುವ ಉತ್ತರ ಅದು. ಪೇಪರ್ ಮಾಡಿದವರಿಗೆ ಅದು ಗೊತ್ತಿತ್ತು, ಅದಕ್ಕೇ 1 ಸೆಕೆಂಡನ್ನೂ ಆಯ್ಕೆಯಲ್ಲಿ ಇಟ್ಟಿದ್ದರು. ನಾನು ಬರೆದದ್ದು: "ಚಿತ್ರ ಬರೆಯಲಿಲ್ಲ. ಬಾಣದ ಗುರುತು ಹಾಕುವ ಮೊದಲೇ ಸೂತ್ರ ಹಾಕಿದೆ." ಮುಂದಿನ ಟೆಸ್ಟ್‌ನಲ್ಲಿ ಎಂತ ಮಾಡಬೇಕು ಅಂತ ಆ ವಾಕ್ಯದಲ್ಲೇ ಉಂಟು, ಅಲ್ವಾ?

ಆ 54 ತಪ್ಪನ್ನೂ ಹೀಗೆ ಬರೆದು ಲೆಕ್ಕ ಹಾಕಿದೆ. ವಿಷಯವೇ ಗೊತ್ತಿಲ್ಲದ್ದು 19. ಪ್ರಶ್ನೆ ಸರಿಯಾಗಿ ಓದದೆ ಹೋದದ್ದು 11. ಲೆಕ್ಕ, ಸೈನ್, ಯೂನಿಟ್ 9. ಮೊದಲು ಸರಿ ಉತ್ತರ ಹೊಳೆದು ಆಮೇಲೆ ಬದಲಾಯಿಸಿದ್ದು 8. ಸುಮ್ನೆ ಊಹಿಸಿದ್ದು 7. ನಡುವಿನ ಮೂರನ್ನು ಕೂಡಿಸಿ ನೋಡಿ. 28 ಪ್ರಶ್ನೆ ನನಗೆ ಗೊತ್ತಿದ್ದೂ ಹೋದವು. ಒಂದೊಂದು ತಪ್ಪಿಗೆ ಬರಬೇಕಾದ ನಾಲ್ಕು ಹೋಗಿ, ಮೇಲಿಂದ ಒಂದು ಕಳೆಯುತ್ತದೆ. ಐದರಂತೆ 140 ಅಂಕ. ಒಂದು ಹೊಸ ಚಾಪ್ಟರ್ ಕೂಡ ಓದದೆ 558 ಬರುವ ಪೇಪರ್ ಅದು. ಆ ಲೆಕ್ಕ ನೋಡಿ ನನಗೆ ಅಳು ಬಂತು. ಆದರೆ ಆ ವರ್ಷ ಮೊದಲ ಸಲ ಧೈರ್ಯ ಬಂದದ್ದೂ ಆಗಲೇ.

ಮತ್ತೊಂದು: ಸರಿಯಾದ ಉತ್ತರಗಳಲ್ಲೂ ಅನುಮಾನದಿಂದ ಹಾಕಿದ್ದನ್ನು ಬರೆಯಿರಿ. ಟೆಸ್ಟ್ ಬರೆಯುವಾಗಲೇ ಪ್ರಶ್ನೆ ನಂಬರಿನ ಪಕ್ಕ ಸಣ್ಣ ಚುಕ್ಕೆ ಇಡುತ್ತಿದ್ದೆ. ಮಿಯೋಸಿಸ್ ಕೋಶ ವಿಭಜನೆಯಲ್ಲಿ ಕ್ರಾಸಿಂಗ್ ಓವರ್ ಯಾವ ಹಂತದಲ್ಲಿ ಅಂತ ಕೇಳಿದಾಗ ಪ್ಯಾಕಿಟೀನ್ ಅಂತ ಹಾಕಿದ್ದೆ, ಸರಿ ಬಂತು. ಆದರೆ ಝೈಗೋಟೀನ್ ಯಾಕಲ್ಲ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಜೋಡಿ ಕ್ರೋಮೋಸೋಮುಗಳು ಹತ್ತಿರ ಬಂದು ಕೂಡುವುದು ಝೈಗೋಟೀನ್‌ನಲ್ಲಿ, ಭಾಗ ಅದಲುಬದಲಾಗುವುದು ಪ್ಯಾಕಿಟೀನ್‌ನಲ್ಲಿ. ಚುಕ್ಕೆ ಇಡದಿದ್ದರೆ ಅದನ್ನು ಓದುತ್ತಲೇ ಇರಲಿಲ್ಲ.

ಬೈಂದೂರಿನವನು

ಅಕ್ಕಾ, ಸರಿಯಾದ ಸಮಯಕ್ಕೆ ಬರೆದಿರಿ. ನಾನು ಈ ವರ್ಷ ಲಾಂಗ್ ಟರ್ಮ್. 430ರಿಂದ 460ರ ಒಳಗೇ ತಿರುಗುತ್ತಿದ್ದೇನೆ. ಕಳೆದ ಭಾನುವಾರ 168 ಹಾಕಿ 124 ಸರಿ, 44 ತಪ್ಪು, 452.

ನಾನು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ನನ್ನ ತಪ್ಪಿನಲ್ಲಿ ಅರ್ಧಕ್ಕರ್ಧ ಇಂಗ್ಲಿಷಿನದ್ದು ಅಂತ ಅನಿಸುತ್ತದೆ. ಹೇಳಲು ನಾಚಿಕೆ. "ಲೈಟ್ ರಾಡ್" ಅಂತ ಇದ್ದರೆ ನನಗೆ ಬೆಳಕು ನೆನಪಾಗುತ್ತಿತ್ತು. ತೂಕ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತ ಅದರ ಅರ್ಥ ಎನ್ನುವುದು ತಿಳಿದದ್ದೇ ಈ ವರ್ಷ. ಇದನ್ನು ಯಾವ ಲೆಕ್ಕಕ್ಕೆ ಸೇರಿಸುವುದು? ಮತ್ತೆ ಒಂದು ಟೆಸ್ಟಿನ ತಪ್ಪು ಬರೆಯಲು ನನಗೆ ಐದು ಗಂಟೆ ಬೇಕಾಯಿತು. ಹಾಸ್ಟೆಲಿನಲ್ಲಿ ಹತ್ತೂವರೆಗೆ ಲೈಟ್ ಆಫ್.

ಕಾಪು ಲೈಟ್‌ಹೌಸ್

ತಮ್ಮಾ, ನಾಚಿಕೆ ಯಾಕೆ? ಇಷ್ಟು ಸ್ಪಷ್ಟವಾಗಿ ತನ್ನ ತಪ್ಪು ಗುರುತಿಸಿದವರನ್ನು ನಮ್ಮ ಬ್ಯಾಚಿನಲ್ಲೂ ಜಾಸ್ತಿ ನೋಡಿಲ್ಲ. ಅದಕ್ಕೆ ಬೇರೆಯೇ ಒಂದು ಲೆಕ್ಕ ಮಾಡು, "ಪದ" ಅಂತ. ನೋಟ್‌ಬುಕ್ಕಿನ ಕೊನೆಯ ನಾಲ್ಕು ಪುಟ ಅದಕ್ಕೇ ಬಿಡು. ಸ್ಮೂತ್ ಅಂದರೆ ಘರ್ಷಣೆ ಇಲ್ಲ. ನೆಗ್ಲಿಜಿಬಲ್ ಅಂದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡ. ರೆಸ್ಪೆಕ್ಟಿವ್ಲಿ ಅಂದರೆ ಹೇಳಿದ ಅನುಕ್ರಮದಲ್ಲೇ. ಎಕ್ಸೆಪ್ಟ್, ಇನ್‌ಕರೆಕ್ಟ್ ಕಂಡರೆ ಪೆನ್ನಿನಿಂದ ಸುತ್ತು ಹಾಕಿಯೇ ಮುಂದೆ ಹೋಗುವುದು. ಇಂಥ ಪದಗಳು ಒಟ್ಟು ನೂರೂ ಆಗಲಿಕ್ಕಿಲ್ಲ. ಒಂದು ತಿಂಗಳ ಕೆಲಸ.

ನೀಟ್ ಪೇಪರನ್ನು ಕನ್ನಡದಲ್ಲೂ ತೆಗೆದುಕೊಳ್ಳಬಹುದು, ಅದರಲ್ಲಿ ಇಂಗ್ಲಿಷ್ ಕೂಡ ಇರುತ್ತದೆ. ಅನುವಾದದಲ್ಲಿ ಗೊಂದಲ ಇದ್ದರೆ ಇಂಗ್ಲಿಷಿನದ್ದೇ ಅಂತಿಮ. ಹಾಗಾಗಿ ಯಾವುದು ತೆಗೆದುಕೊಂಡರೂ ಈ ಪದಗಳು ಬೇಕು.

ಐದು ಗಂಟೆ ಯಾಕೆ ಆಯಿತು ಗೊತ್ತಾಯಿತು, ನೀನು ಪ್ರಶ್ನೆ ಪೂರ್ತಿ ಇಳಿಸುತ್ತಿದ್ದೀಯಲ್ಲ? ಬೇಡ. ಟೆಸ್ಟಿನ ತಾರೀಕು, ಪ್ರಶ್ನೆ ನಂಬರ್, ಚಾಪ್ಟರ್, ನಿನ್ನ ತಲೆಯಲ್ಲಿ ಓಡಿದ್ದು, ಮುಂದಿನ ಸಲ ಮಾಡುವುದು. ಎರಡು ಸಾಲು ಸಾಕು. ಪೇಪರನ್ನು ಹಾಗೆಯೇ ಫೈಲಿನಲ್ಲಿ ಇಡು. ನಾನು ಮೊದಲು ಮೂರು ಬಣ್ಣದ ಪೆನ್ನಿನಲ್ಲಿ ಚಂದ ಮಾಡಿ ಬರೆಯುತ್ತಿದ್ದೆ. ಎರಡು ವಾರದಲ್ಲಿ ಬೇಸರ ಬಂದು ಬಿಟ್ಟೇ ಬಿಡುವ ಹಾಗಾಯಿತು.

ಹಂಪನಕಟ್ಟೆ

ನನ್ನ ಅನುಭವ ಬೇರೆ, ಅದಕ್ಕೆ ಹೇಳುತ್ತೇನೆ. ತಪ್ಪು ಬರೆಯುತ್ತಾ ಕೂರುವ ಹೊತ್ತಿಗೆ ಇನ್ನೊಂದು 60 ಪ್ರಶ್ನೆ ಮಾಡಬಹುದು. ನಾನು ದಿನಕ್ಕೆ 150 ಪ್ರಶ್ನೆ ಮಾಡುತ್ತಿದ್ದೆ. ಕೈ ಓಡಿದ ಹಾಗೆ ತಪ್ಪು ತಾನಾಗಿ ಕಡಿಮೆಯಾಯಿತು. ಬಯಾಲಜಿಯಲ್ಲಂತೂ ಸಾಲು ಸಾಲು ಓದುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಫಿಸಿಕ್ಸ್ ಮೇಷ್ಟ್ರು, ಉಡುಪಿ

ಹಂಪನಕಟ್ಟೆಯವರು ಹೇಳಿದ್ದರಲ್ಲಿ ಸತ್ಯ ಉಂಟು. ವಿಷಯವೇ ಗೊತ್ತಿಲ್ಲದೆ ಆದ ತಪ್ಪನ್ನು ನೋಟ್‌ಬುಕ್ಕಿನಲ್ಲಿ ಬರೆದು ಪ್ರಯೋಜನವಿಲ್ಲ. ಹೋಗಿ ಆ ಚಾಪ್ಟರ್ ಓದಬೇಕು. ಮೇಲಿನ ಲೆಕ್ಕದಲ್ಲಿ ಆ 19 ಇವೆಯಲ್ಲ, ಅವಕ್ಕೆ ಚಾಪ್ಟರ್ ಹೆಸರು ಬರೆದರೆ ಸಾಕು. ಆದರೆ ಉಳಿದವು ಬರೀ ಕೈ ಓಡಿಸಿದರೆ ಹೋಗುವುದಿಲ್ಲ. ತಪ್ಪು ಅಭ್ಯಾಸವೂ ಕೈಗೆ ಕೂರುತ್ತದೆ.

ನಾನು ಪಿಯು ಮಕ್ಕಳಿಗೆ ಪಾಠ ಮಾಡುವವನು. ಪಿಯುಸಿ ಫಲಿತಾಂಶದಲ್ಲಿ ನಮ್ಮ ಎರಡು ಜಿಲ್ಲೆ ಮೇಲಿರುವುದು ಎಲ್ಲರಿಗೂ ಗೊತ್ತು. 2024ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೇ. 2025ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೇ. ಈ ಮಕ್ಕಳು ಚಿಕ್ಕಂದಿನಿಂದ 90ರ ಮೇಲೆ ತೆಗೆದವರು. ತಮ್ಮ ತಪ್ಪನ್ನು ಕೂತು ನೋಡುವ ಅಗತ್ಯವೇ ಅವರಿಗೆ ಬಂದಿರುವುದಿಲ್ಲ. ಬೋರ್ಡ್ ಪರೀಕ್ಷೆಯಲ್ಲಿ ಕೊನೆಯ ಉತ್ತರ ತಪ್ಪಿದರೂ ಹಂತಕ್ಕೆ ಅಂಕ ಸಿಗುತ್ತದೆ. ಇಲ್ಲಿ ಹಂತವನ್ನು ಯಾರೂ ನೋಡುವುದಿಲ್ಲ. ಹಾಗಾಗಿ ಆ ಹಂತವನ್ನು ಮಕ್ಕಳೇ ನೋಡಿಕೊಳ್ಳಬೇಕು, ಈ ನೋಟ್‌ಬುಕ್ ಇರುವುದು ಅದಕ್ಕೆ.

ಎರಡು ಮಾತು ಸೇರಿಸುತ್ತೇನೆ. ಮೊದಲನೆಯದು, ಎಲ್ಲ ವಿಷಯಕ್ಕೂ ಒಂದೇ ನೋಟ್‌ಬುಕ್ ಇಡಿ. ನನ್ನ ಒಬ್ಬ ವಿದ್ಯಾರ್ಥಿನಿ ಥರ್ಮೋಡೈನಮಿಕ್ಸ್‌ನಲ್ಲಿ ಫಿಸಿಕ್ಸಿನಲ್ಲೂ ತಪ್ಪುತ್ತಿದ್ದಳು, ಕೆಮಿಸ್ಟ್ರಿಯಲ್ಲೂ ತಪ್ಪುತ್ತಿದ್ದಳು. ಬೇರೆ ಬೇರೆ ನೋಟ್‌ಬುಕ್ಕಿನಲ್ಲಿ ಬರೆದ ಕಾರಣ ಎರಡೂ ಒಂದೇ ತಪ್ಪು ಅಂತ ಕಾಣಲಿಲ್ಲ. ಫಿಸಿಕ್ಸ್ ಎನ್‌ಸಿಇಆರ್‌ಟಿಯಲ್ಲಿ ಅನಿಲ ಹೊರಗಿನ ಮೇಲೆ ಮಾಡುವ ಕೆಲಸ ಪ್ಲಸ್. ಕೆಮಿಸ್ಟ್ರಿಯಲ್ಲಿ ಅನಿಲದ ಮೇಲೆ ಆಗುವ ಕೆಲಸ ಪ್ಲಸ್. ಅವಳು ಎರಡಕ್ಕೂ ಒಂದೇ ನಿಯಮ ಹಾಕುತ್ತಿದ್ದಳು. ಒಂದೇ ಪುಟದಲ್ಲಿ ಎರಡನ್ನೂ ಬರೆಸಿದೆ, ಮುಗಿಯಿತು.

ಎರಡನೆಯದು, ಬರೆದದ್ದನ್ನು ಓದಬೇಡಿ, ಮತ್ತೆ ಮಾಡಿ. ಓದಿದರೆ ಗೊತ್ತಿದ್ದ ಹಾಗೆ ಅನಿಸುತ್ತದೆ. ನೆನಪು ದಿನ ಕಳೆದ ಹಾಗೆ ಹೇಗೆ ಇಳಿಯುತ್ತದೆ ಅಂತ ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ತೋರಿಸಿದ್ದ. ಮೊದಲ ಕೆಲವು ಗಂಟೆ, ಮೊದಲ ಕೆಲವು ದಿನದಲ್ಲೇ ಜಾಸ್ತಿ ಹೋಗುತ್ತದೆ. ನಾನು ಮಕ್ಕಳಿಗೆ ಹೇಳುವುದು: ಮೂರನೇ ದಿನ ಒಮ್ಮೆ, ಹತ್ತನೇ ದಿನ ಒಮ್ಮೆ, ಒಂದು ತಿಂಗಳಿಗೆ ಒಮ್ಮೆ ಹಳೆಯ ಪೇಪರ್ ತೆಗೆದು, ಉತ್ತರ ಮುಚ್ಚಿ, ಬಿಳಿ ಹಾಳೆಯಲ್ಲಿ ಮತ್ತೆ ಮಾಡಿ. ಮೂರೂ ಸಲ ಸರಿ ಬಂದರೆ ಆ ಸಾಲನ್ನು ಹೊಡೆದು ಹಾಕಿ.

ಕೊಡಿಯಾಲ್‌ಬೈಲ್ ಎರಡನೇ ಪಿಯು

ಸರ್, ನಾನು ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾತ್ಸ್). ಇಂಜಿನಿಯರಿಂಗ್ ಪ್ರವೇಶದ ಕೆಸಿಇಟಿಗೂ ಇದೇ ನೋಟ್‌ಬುಕ್ ಸಾಕಾ? ಅದರಲ್ಲಿ ನೆಗೆಟಿವ್ ಇಲ್ಲವಲ್ಲ.

ಫಿಸಿಕ್ಸ್ ಮೇಷ್ಟ್ರು, ಉಡುಪಿ

ಸಾಕು ಮಗಾ, ಆದರೆ ತಪ್ಪಿನ ಅರ್ಥ ಸ್ವಲ್ಪ ಬದಲಾಗುತ್ತದೆ. ಕೆಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ನೆಗೆಟಿವ್ ಇಲ್ಲದ ಕಾರಣ ಖಾಲಿ ಬಿಟ್ಟದ್ದೂ ತಪ್ಪೇ. ಅದನ್ನೂ ಬರೆ. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಕೆಸಿಇಟಿ ಅರ್ಧ ಎಂಬುದನ್ನೂ ಮರೆಯಬೇಡ.

ನೀಟ್‌ನವರಿಗೆ ಊಹೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ, ತರಗತಿಯಲ್ಲಿ ಯಾವಾಗಲೂ ಇದಕ್ಕೆ ಜಗಳ. ಕಣ್ಣು ಮುಚ್ಚಿ 28 ಪ್ರಶ್ನೆಗೆ ಉತ್ತರ ಹಾಕಿದರೆ ಸರಾಸರಿ 7 ಸರಿ, 21 ತಪ್ಪು. 7 ಸರಿಗೆ 28 ಅಂಕ, ಅದರಲ್ಲಿ 21 ಹೋಗಿ 7 ಉಳಿಯುತ್ತದೆ. ನಷ್ಟ ಇಲ್ಲವಲ್ಲ ಅಂತ ಮಕ್ಕಳು ಕೇಳುತ್ತಾರೆ. ಆದರೆ ಯಾರೂ ಕಣ್ಣು ಮುಚ್ಚಿ ಹಾಕುವುದಿಲ್ಲ. ಅರ್ಧ ಗೊತ್ತಿರುವಾಗ ಮನಸ್ಸು ಎಳೆಯುವುದು ಆ 1 ಸೆಕೆಂಡಿನಂಥ ಆಯ್ಕೆಯ ಕಡೆಗೆ. ಅದನ್ನು ಇಟ್ಟದ್ದೇ ಎಳೆಯಲು. ಹಾಗಾಗಿ ಊಹಿಸಿದ ಪ್ರತಿ ಪ್ರಶ್ನೆಗೂ ಚುಕ್ಕೆ ಇಟ್ಟು, ಐದು ಟೆಸ್ಟಿನ ಲೆಕ್ಕ ತೆಗೆಯಿರಿ. ಐದರಲ್ಲಿ ಒಂದಕ್ಕಿಂತ ಕಡಿಮೆ ಸರಿ ಬರುತ್ತಿದ್ದರೆ ಊಹೆ ನಿಮ್ಮ ಅಂಕ ತಿನ್ನುತ್ತಿದೆ, ಬಿಡಿ. ಎರಡು ಆಯ್ಕೆ ಖಚಿತವಾಗಿ ಅಲ್ಲ ಅಂತ ಗೊತ್ತಿದ್ದು ಉಳಿದೆರಡರಲ್ಲಿ ಒಂದನ್ನು ಹಾಕುವುದಾದರೆ ಧೈರ್ಯವಾಗಿ ಹಾಕಿ.

ಸುರತ್ಕಲ್ ಹಾಸ್ಟೆಲ್

ನಾನು ಎನ್‌ಐಟಿಕೆಯಲ್ಲಿ ಕೊನೆಯ ವರ್ಷ, ವಿದೇಶದಲ್ಲಿ ಮುಂದೆ ಓದಲು ಬರೆಯುವ ಜಿಆರ್‌ಇ ಬರೆದೆ. ಪರೀಕ್ಷೆ ಬೇರೆ, ಆದರೆ ಕಷ್ಟ ಇದೇ. 2023ರ ಸೆಪ್ಟೆಂಬರಿನಿಂದ ಜಿಆರ್‌ಇ ಒಂದು ಗಂಟೆ 58 ನಿಮಿಷಕ್ಕೆ ಇಳಿದಿದೆ. ಕ್ವಾಂಟ್‌ನಲ್ಲಿ, ಅಂದರೆ ಗಣಿತದ ಭಾಗದಲ್ಲಿ, ಒಟ್ಟು 27 ಪ್ರಶ್ನೆ ಮಾತ್ರ. ಮೊದಲ ಸೆಕ್ಷನ್ ಹೇಗೆ ಮಾಡಿದ್ದೀರಿ ಅಂತ ನೋಡಿ ಎರಡನೆಯದರ ಕಷ್ಟ ನಿರ್ಧಾರವಾಗುತ್ತದೆ. ಹಾಗಾಗಿ ಮೊದಲ ಸೆಕ್ಷನ್ನಿನ ತಪ್ಪು ದುಬಾರಿ.

ನಾನು ಎಕ್ಸೆಲ್ ಶೀಟಿನಲ್ಲಿ ಬರೆದೆ, ಒಂದು ಕಾಲಂ ಜಾಸ್ತಿ ಇಟ್ಟೆ: ಸಮಯ. ಸರಿ ಬಂದರೂ ಮೂರು ನಿಮಿಷ ತಿಂದ ಪ್ರಶ್ನೆಯನ್ನು ತಪ್ಪಿನ ಜೊತೆಯೇ ಬರೆದೆ. ನನ್ನ ಕೊನೆಯ ನಾಲ್ಕು ಪ್ರಶ್ನೆ ತಪ್ಪಾಗುತ್ತಿದ್ದುದಕ್ಕೆ ಕಾರಣ ಆ ನಾಲ್ಕರಲ್ಲಿ ಇರಲೇ ಇಲ್ಲ. ಒಂಬತ್ತನೇ ಪ್ರಶ್ನೆಯ ಹತ್ತಿರ ಹಟ ಹಿಡಿದು ಕೂತದ್ದರಲ್ಲಿ ಇತ್ತು. ಇನ್ನೊಂದು, ಎರಡು ಪರಿಮಾಣ ಹೋಲಿಸುವ ಪ್ರಶ್ನೆಗಳಲ್ಲಿ ನಾನು ಯಾವಾಗಲೂ 2, 3, 5 ಹಾಕಿಯೇ ನೋಡುತ್ತಿದ್ದೆ. ಸೊನ್ನೆ, ಮೈನಸ್ ಸಂಖ್ಯೆ, ಭಿನ್ನರಾಶಿ ಹಾಕಿ ನೋಡದೆ ಎಂಟು ಸಲ ತಪ್ಪಿದ್ದೆ. ಶೀಟನ್ನು ಕಾರಣದ ಪ್ರಕಾರ ಸಾರ್ಟ್ ಮಾಡಿದಾಗ ಎಂಟೂ ಸಾಲಾಗಿ ಬಂದು ನಿಂತವು.

ಬ್ರಹ್ಮಾವರದ ಅಮ್ಮ

ನಾನು ಇಲ್ಲಿ ಬರೆಯುವುದು ಮೊದಲ ಸಲ. ಮಗಳು ಮಂಗಳೂರಿನಲ್ಲಿ ಪಿಜಿಯಲ್ಲಿದ್ದು ಲಾಂಗ್ ಟರ್ಮ್ ಮಾಡುತ್ತಿದ್ದಾಳೆ. ಹಿಂದಿನ ವಾರ ಮನೆಗೆ ಬಂದಾಗ ಇಂಥದ್ದೇ ಒಂದು ನೋಟ್‌ಬುಕ್ ಅವಳ ಬ್ಯಾಗಿನಲ್ಲಿತ್ತು. ಅವಳ ಅಪ್ಪ ತೆರೆದು ನೋಡಿ "ಇಷ್ಟೊಂದು ತಪ್ಪಾ?" ಅಂದರು. ಅವರು ಬೈಯಲಿಲ್ಲ, ಗಾಬರಿಯಿಂದ ಕೇಳಿದ್ದು. ಮಗಳು ಏನೂ ಹೇಳದೆ ನೋಟ್‌ಬುಕ್ ತೆಗೆದುಕೊಂಡು ಹೋದಳು. ಅಂದಿನಿಂದ ಅದರಲ್ಲಿ ಬರೆಯುವುದು ಬಿಟ್ಟಿದ್ದಾಳೆ ಅಂತ ಅವಳ ಗೆಳತಿಯಿಂದ ತಿಳಿಯಿತು. ಇದನ್ನು ಹೇಗೆ ಸರಿ ಮಾಡುವುದು ಹೇಳಿ.

ಕಾಪು ಲೈಟ್‌ಹೌಸ್

ಆಂಟಿ, ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ನನ್ನ ನೋಟ್‌ಬುಕ್ಕಿನಲ್ಲಿ ವರ್ಷದ ಕೊನೆಗೆ 600ಕ್ಕೂ ಮೇಲೆ ತಪ್ಪು ಇದ್ದವು. ಅಂಕಲ್‌ಗೆ ಇದನ್ನು ಹೇಳಿ. ಅದರಲ್ಲಿ ಇರುವುದು ಪರೀಕ್ಷೆಗೆ ಮೊದಲೇ ಸಿಕ್ಕಿದ ತಪ್ಪುಗಳು, ಸಿಕ್ಕಿದಷ್ಟೂ ಒಳ್ಳೆಯದು. ಮಗಳಿಗೆ ಫೋನ್ ಮಾಡಿ ಅಪ್ಪನೇ ಮಾತಾಡಲಿ. "ಎಷ್ಟು ತಪ್ಪು" ಅಂತ ಕೇಳುವ ಬದಲು "ಈ ವಾರ ಯಾವ ಸಾಲು ಹೊಡೆದು ಹಾಕಿದೆ ಮಗಾ" ಅಂತ ಕೇಳಲಿ. ನನ್ನ ಅಪ್ಪನಿಗೆ ಫಿಸಿಕ್ಸ್ ಗೊತ್ತಿಲ್ಲ, ಮಲ್ಪೆಯಲ್ಲಿ ಮೀನಿನ ವ್ಯಾಪಾರ. ಆದರೆ ಶನಿವಾರ ರಾತ್ರಿ ಹೊಡೆದು ಹಾಕಿದ ಸಾಲುಗಳನ್ನು ಎಣಿಸುವುದು ಅವರ ಕೆಲಸವಾಗಿತ್ತು.

ಬ್ರಹ್ಮಾವರದ ಅಮ್ಮ

ಇವತ್ತೇ ಹೇಳುತ್ತೇನೆ ಮಗಳೇ. ಉಪಕಾರವಾಯಿತು.

ಬೈಂದೂರಿನವನು

ಆರು ವಾರ ಕಳೆದು ಬರೆಯುತ್ತಿದ್ದೇನೆ. ನಿನ್ನೆಯ ಟೆಸ್ಟ್: 165 ಹಾಕಿದೆ, 131 ಸರಿ, 34 ತಪ್ಪು, 490. ಪ್ರಶ್ನೆ ತಪ್ಪಾಗಿ ಓದಿದ್ದು ಮತ್ತು ಪದದ್ದು ಸೇರಿ 14 ಇದ್ದದ್ದು 5ಕ್ಕೆ ಬಂದಿದೆ. ಪದದ ಪುಟ ಮೂರಾಯಿತು. ಕೊನೆಗೆ ಸೇರಿಸಿದ್ದು "ಅಟ್ ದ ಇನ್‌ಸ್ಟಂಟ್". ಬರೆಯಲು ಈಗ ಒಂದೂವರೆ ಗಂಟೆ ಸಾಕು, ಸೋಮವಾರ ಬೆಳಿಗ್ಗೆಯೇ ಮುಗಿಸುತ್ತೇನೆ.

ಆದರೆ ಅಕ್ಕಾ, ಹೊಸದೊಂದು ತಪ್ಪು ಬಂದಿದೆ, ಯಾವ ಲೆಕ್ಕದಲ್ಲೂ ಇರಲಿಲ್ಲ. 73ನೇ ಪ್ರಶ್ನೆ ಬಿಟ್ಟು ಮುಂದೆ ಹೋದೆ. ಓಎಂಆರ್‌ನಲ್ಲಿ (ಉತ್ತರದ ವೃತ್ತ ತುಂಬಿಸುವ ಹಾಳೆ) 74ರ ಉತ್ತರವನ್ನು 73ರಲ್ಲಿ ತುಂಬಿಸಿದೆ. ಐದು ಪ್ರಶ್ನೆ ಆದ ಮೇಲೆ ಗೊತ್ತಾಯಿತು. ಪೆನ್ನು, ಅಳಿಸಲು ಆಗುವುದಿಲ್ಲ. ಆಮೇಲೆ ಹತ್ತು ನಿಮಿಷ ತಲೆಯೇ ಓಡಲಿಲ್ಲ.

ಕಾಪು ಲೈಟ್‌ಹೌಸ್

490 ನೋಡಿ ಎಷ್ಟು ಖುಷಿಯಾಯಿತು ಗೊತ್ತಾ!

ಓಎಂಆರ್ ಜಾರುವುದು ನನಗೂ ಒಮ್ಮೆ ಆಗಿತ್ತು. ಬಿಡುವ ಪ್ರಶ್ನೆಯಲ್ಲೇ ಇದು ಆಗುವುದು. ಹಾಗಾಗಿ ಪ್ರಶ್ನೆ ಬಿಡುವಾಗ ಪೇಪರಿನಲ್ಲಿ ಅದರ ನಂಬರಿಗೆ ದೊಡ್ಡ ಸುತ್ತು ಹಾಕು. ಒಂದೊಂದೇ ತುಂಬಿಸಬೇಡ. ಉತ್ತರವನ್ನು ಪೇಪರಿನಲ್ಲೇ ಗುರುತು ಮಾಡಿಕೊಂಡು, ಒಂದು ಪುಟ ಮುಗಿದ ಮೇಲೆ ಆ ಪುಟದ್ದನ್ನು ಒಟ್ಟಿಗೆ ತುಂಬಿಸು. ತುಂಬಿಸುವಾಗ ನಂಬರನ್ನು ಬಾಯೊಳಗೇ ಹೇಳಿಕೋ: "72 ಬಿ, 73 ಖಾಲಿ, 74 ಡಿ." ಖಾಲಿ ಅಂತ ಹೇಳುವುದು ಮುಖ್ಯ. ಕೊನೆಗೆ ಒಟ್ಟಿಗೆ ತುಂಬಿಸುತ್ತೇನೆ ಅಂತ ಮಾತ್ರ ಬಿಡಬೇಡ. 180 ಪ್ರಶ್ನೆಗೆ 180 ನಿಮಿಷ, ಕೊನೆಯಲ್ಲಿ ಆ ಹೊತ್ತು ಉಳಿಯುವುದಿಲ್ಲ.

ತಲೆ ಓಡದ ಆ ಹತ್ತು ನಿಮಿಷ ಉಂಟಲ್ಲ, ಅದನ್ನೂ ಬರೆ. ಆಗ ಎಷ್ಟನೇ ಪ್ರಶ್ನೆಯಲ್ಲಿದ್ದೆ, ಅಲ್ಲಿಂದ ಮುಂದಿನ ಹತ್ತರಲ್ಲಿ ಎಷ್ಟು ತಪ್ಪಾಯಿತು ಅಂತ ಪೇಪರ್ ತೆಗೆದು ಎಣಿಸು. ಭಾನುವಾರದ ಟೆಸ್ಟ್ ಆದ ಮೇಲೆ ಎರಡೂ ಸಂಖ್ಯೆ ಇಲ್ಲಿ ಹಾಕು, ನೋಡುವ.